ಜೀಪಿನ ಟಾಪ್ ಗ್ಯಾರೇಜಿನ ಚಾವಣಿಗೆ: ಹಾಯಿಸ್ಟ್ ಕಟ್ಟಿದ ಅನುಭವ

ಅಮೆರಿಕದ ಆಗ್ನೇಯ ಮಿಷಿಗನ್ನಿನಲ್ಲಿ ಜೀಪ್ ರ‍್ಯಾಂಗ್ಲರ್ ಇಟ್ಟುಕೊಂಡವರಿಗೆ ವರ್ಷಕ್ಕೆ ಎರಡು ಸಲ ಒಂದು ಕರ್ಮ ಕಾದಿರುತ್ತದೆ. ಮೇ ತಿಂಗಳಲ್ಲಿ ಹಾರ್ಡ್‌ಟಾಪ್, ಎಂದರೆ ಗಾಡಿಯ ಬಿಚ್ಚಿಡಬಹುದಾದ ಗಟ್ಟಿ ಮಾಡು, ತೆಗೆಯುವುದು, ಅಕ್ಟೋಬರಿನಲ್ಲಿ ಮತ್ತೆ ಕೂರಿಸುವುದು. ತೆಗೆಯದೆಯೇ ಇರಬಹುದಲ್ಲ ಎಂದು ಕೇಳುವವರಿದ್ದಾರೆ. ಮೇಲೆ ಆಕಾಶ ಬಿಟ್ಟುಕೊಂಡು ಓಡಿಸುವ ಸುಖವೊಂದನ್ನು ಬಿಟ್ಟರೆ ಈ ಗಾಡಿ ಕೊಳ್ಳಲು ಬೇರೆ ವಿವೇಕದ ಕಾರಣ ನನಗಂತೂ ಕಾಣುವುದಿಲ್ಲ. ಕೂತರೆ ಬೆನ್ನು ನೋಯುತ್ತದೆ, ಹೆದ್ದಾರಿಯಲ್ಲಿ ಮಾತು ಕೇಳಿಸುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ.

ನಾಲ್ಕು ಬಾಗಿಲಿನ ಗಾಡಿಯ ಟಾಪ್ ಮೂರು ತುಂಡುಗಳದ್ದು. ಮುಂದಿನ ಸಾಲಿನ ಮೇಲಿರುವ ಎರಡು ಫಲಕಗಳನ್ನು ಒಬ್ಬರೇ ಬಿಚ್ಚಿ ಚೀಲಕ್ಕೆ ಹಾಕಿಡಬಹುದು. ತಾಪತ್ರಯವೆಲ್ಲ ಹಿಂದಿನ ದೊಡ್ಡ ತುಂಡಿನದು. ಹಿಂಬದಿಯ ಗಾಜೂ ಸೇರಿ ಅದರ ತೂಕ 140 ಪೌಂಡಿನ ಆಸುಪಾಸು, ಎಂದರೆ 64 ಕಿಲೋ. ತೂಕಕ್ಕಿಂತ ಆಕಾರ ಕಷ್ಟ. ಹಿಡಿದುಕೊಳ್ಳಲು ಸರಿಯಾದ ಅಂಚಿಲ್ಲ, ನೇರ ಮೇಲಕ್ಕೆ ಎತ್ತಿ ಆಮೇಲೆ ಹಿಂದಕ್ಕೆ ಸಾಗಿಸಬೇಕು, ನಾಲ್ಕು ಮೂಲೆಗೆ ನಾಲ್ಕು ಜನ ಬೇಕು. ಪ್ರತಿ ಸಲ ಗೆಳೆಯರಿಗೆ ಫೋನು ಮಾಡಿ, ಬಿಸಿಬೇಳೆಬಾತಿನ ಆಸೆ ತೋರಿಸಿ ಕರೆಸುತ್ತಿದ್ದೆವು. ಇಳಿಸಿದ ಮೇಲೆ ಅದನ್ನು ಇಡುವುದೆಲ್ಲಿ ಎಂಬ ಪ್ರಶ್ನೆ. ಗ್ಯಾರೇಜಿನ ನೆಲದ ಮೇಲೆ ಇಟ್ಟರೆ ಎರಡನೆಯ ಕಾರು ಬೇಸಿಗೆಯಿಡೀ ಹೊರಗೆ ನಿಲ್ಲಬೇಕು.

ಆದ್ದರಿಂದ ಈ ವರ್ಷ ಅದನ್ನು ಚಾವಣಿಗೇ ಏರಿಸಿಬಿಡುವುದು ಎಂದು ಫೆಬ್ರವರಿಯಲ್ಲಿ ತೀರ್ಮಾನಿಸಿದೆ. ಆ ಹೊತ್ತಿಗೆ ಅಪ್ಪ ಊರಿನಿಂದ ಬಂದಿದ್ದರು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಹೊರಗೆ ಮೊಣಕಾಲೆತ್ತರದ ಹಿಮ, ಒಳಗೆ ಮಾಡಲು ಕೆಲಸವಿಲ್ಲ. ನಾನು ವಿಷಯ ತೆಗೆದ ಕೂಡಲೇ ಗ್ಯಾರೇಜಿಗೆ ಹೋಗಿ, ತಲೆಯೆತ್ತಿ ಬಿಳಿ ಚಾವಣಿಯನ್ನು ಬಹಳ ಹೊತ್ತು ನೋಡಿ, ಒಂದೇ ಪ್ರಶ್ನೆ ಕೇಳಿದರು: "ಇದರ ಮೇಲೆ ಏನಿದೆ?"

ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಚಳಿಗಾಲ ಮುಗಿಯಿತು. ಹಾಯಿಸ್ಟ್, ಎಂದರೆ ಭಾರ ಮೇಲೆತ್ತುವ ಸಾಧನ, ಕಟ್ಟುವುದು ಒಂದು ವಾರಾಂತ್ಯದ ಕೆಲಸ. ಅದನ್ನು ಯಾವುದಕ್ಕೆ ನೇತುಹಾಕುತ್ತಿದ್ದೇವೆ ಎಂದು ತಿಳಿಯುವುದೇ ನಿಜವಾದ ಕೆಲಸ. ಈ ದಾರಿಯಲ್ಲಿ ಬರುವವರು ಮೊದಲು ಅಟ್ಟ ಹತ್ತಿ, ಆಮೇಲೆ ಅಂಗಡಿಗೆ ಹೋಗಿ.

ಇಲ್ಲಿನ ಮನೆಗಳು ಮರದವು ಎಂಬುದು ಗೊತ್ತಿರುವ ವಿಚಾರವೇ. ಹಳೆಯ ಗ್ಯಾರೇಜುಗಳಲ್ಲಿ ದಪ್ಪ ಮರದ ಜಂತೆಗಳಿರುತ್ತವೆ. ಈಚಿನ ಮನೆಗಳಲ್ಲಿ ಕಾರ್ಖಾನೆಯಲ್ಲಿ ತಯಾರಾದ ಟ್ರಸ್‌ಗಳು. ತೆಳುವಾದ ಮರದ ಪಟ್ಟಿಗಳನ್ನು ತ್ರಿಕೋನಗಳಾಗಿ ಜೋಡಿಸಿ, ಹಲ್ಲಿರುವ ತಗಡಿನ ಫಲಕಗಳನ್ನು ಒತ್ತಿ ಬಂಧಿಸಿರುತ್ತಾರೆ. ನಮ್ಮದರಲ್ಲಿ ಅಂಥವು ಎರಡು ಅಡಿಗೆ ಒಂದರಂತೆ ನಿಂತಿದ್ದವು. ಕೆಳಗಿನ ಅಡ್ಡಪಟ್ಟಿಯ ದಪ್ಪ ಒಂದೂವರೆ ಇಂಚು, ಎತ್ತರ ಮೂರೂವರೆ. ಈ ಪಟ್ಟಿ ಇರುವುದು ಟ್ರಸ್‌ನ ಎರಡು ಕಾಲುಗಳು ಅಗಲವಾಗಿ ಜಾರದಂತೆ ಹಿಡಿಯಲು ಮತ್ತು ಚಾವಣಿಯ ಜಿಪ್ಸಂ ಹಲಗೆಯನ್ನು ಹೊರಲು. ಭಾರ ತೂಗುಹಾಕಲು ಅಲ್ಲ. ಟಾರ್ಚ್ ಹಿಡಿದು ನೋಡಿದ ಅಪ್ಪ, "ಇದಕ್ಕೆ ಬೋಲ್ಟ್ ಹಾಕಿದರೆ ನಾನು ಕೆಳಗೆ ನಿಲ್ಲುವುದಿಲ್ಲ" ಎಂದು ಏಣಿ ಇಳಿದರು.

ನಿಯಮವೂ ಅದನ್ನೇ ಹೇಳುತ್ತದೆ. ಟ್ರಸ್ ಅನ್ನು ಕತ್ತರಿಸುವುದಕ್ಕಾಗಲಿ ಕೊರೆಯುವುದಕ್ಕಾಗಲಿ ಪರವಾನಗಿ ಪಡೆದ ಎಂಜಿನಿಯರ್‌ನ ಒಪ್ಪಿಗೆ ಬೇಕು. ಹೊಸದಾಗಿ ಭಾರ ಸೇರಿಸಬೇಕಾದರೆ ಟ್ರಸ್ ಅದನ್ನು ತಾಳುತ್ತದೆಯೇ ಎಂದು ಪರಿಶೀಲಿಸಿರಬೇಕು. ಎಂಜಿನಿಯರ್ ಒಬ್ಬರಿಗೆ ಫೋನು ಮಾಡಿದರೆ, "ಟ್ರಸ್ ನಕ್ಷೆ ಇದ್ದರೆ ಕಡಿಮೆ ಖರ್ಚು, ಇಲ್ಲದಿದ್ದರೆ ನಾನೇ ಬಂದು ಅಳೆಯಬೇಕು" ಎಂದರು. ನಕ್ಷೆ ಎಂದರೆ ಟ್ರಸ್ ತಯಾರಕರು ಪ್ರತಿ ಮನೆಗೂ ಮುದ್ರೆಯೊತ್ತಿ ಕೊಡುವ ಹಾಳೆ. ಮನೆ ಕಟ್ಟಿದ ಕಂಪನಿಗೆ ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಹೊಸ ಮನೆಗಳ ಜಾಹೀರಾತು ಬಂತು.

ಕೊನೆಗೆ ದಾರಿ ತೋರಿಸಿದ್ದು ಊರಿನ ಕಟ್ಟಡ ವಿಭಾಗದ ಕೌಂಟರಿನಲ್ಲಿದ್ದ ಮಹಿಳೆ. ಮನೆ ಕಟ್ಟುವಾಗ ಪರವಾನಗಿಗಾಗಿ ಸಲ್ಲಿಸಿದ ಕಾಗದಗಳು ಕಡತದಲ್ಲಿರುತ್ತವೆ, ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಅರ್ಜಿ ಹಾಕಿ ಎಂದರು. ಮಿಷಿಗನ್ನಿನ ಈ ಕಾಯ್ದೆ 1976ರದು. ಕಚೇರಿ ಐದು ಕೆಲಸದ ದಿನಗಳೊಳಗೆ ಉತ್ತರಿಸಬೇಕು, ಬೇಕೆಂದರೆ ಇನ್ನೂ ಹತ್ತು ಕೆಲಸದ ದಿನ ವಿಸ್ತರಿಸಿಕೊಳ್ಳಬಹುದು. ನಮ್ಮಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಮೂವತ್ತು ದಿನ ಕಾಯುವ ಅಪ್ಪನಿಗೆ ಇದು ವಿಮಾನದ ವೇಗವಾಗಿ ಕಂಡಿತು. ಐದನೆಯ ದಿನ ಸರಿಯಾಗಿ ಪತ್ರ ಬಂತು: ವಿಸ್ತರಣೆ ಬೇಕಾಗಿದೆ ಎಂದು. ಅಪ್ಪ ನಕ್ಕಿದ್ದನ್ನು ಇಲ್ಲಿ ಬರೆಯುವುದು ಬೇಡ.

ಅರ್ಜಿ ಬರೆಯುವವರಿಗೆ ಒಂದು ಮಾತು. "ನಮ್ಮ ಮನೆಯ ನಕ್ಷೆಗಳು" ಎಂದು ಒಟ್ಟಾರೆ ಬರೆಯಬೇಡಿ. ಹಾಗೆ ಕೇಳಿದ ಒಬ್ಬ ಗೆಳೆಯನಿಗೆ ಚರಂಡಿ ಕೊಳವೆಯ ನಕ್ಷೆ ಮಾತ್ರ ಸಿಕ್ಕಿತ್ತು. ಮನೆಯ ವಿಳಾಸ, ಕಟ್ಟಿದ ವರ್ಷ, "ಗ್ಯಾರೇಜಿನ ಛಾವಣಿಯ ಟ್ರಸ್‌ಗಳ ಮುದ್ರಿತ ವಿನ್ಯಾಸ ಹಾಳೆಗಳು ಮತ್ತು ಜೋಡಣೆಯ ನಕ್ಷೆ" ಎಂದು ಬಿಡಿಸಿ ಕೇಳಿ. ಕಡತದಲ್ಲಿ ಇಲ್ಲದಿದ್ದರೆ ಇಲ್ಲ ಎಂದೇ ಬರೆದು ಕೊಡುತ್ತಾರೆ. ಆಗ ಎಂಜಿನಿಯರನ್ನು ಮನೆಗೆ ಕರೆಸುವುದೊಂದೇ ದಾರಿ.

ಹಾಳೆ ಬಂದಾಗ ಅದರ ಎಡಮೂಲೆಯಲ್ಲಿ ಒಂದು ಸಣ್ಣ ಕೋಷ್ಟಕವಿತ್ತು. ಮೇಲಿನ ಪಟ್ಟಿ ಎಷ್ಟು ಹೊರಬೇಕು, ಕೆಳಗಿನ ಪಟ್ಟಿ ಎಷ್ಟು, ಅದರಲ್ಲಿ ಸ್ಥಿರ ಭಾರವೆಷ್ಟು, ಬಂದುಹೋಗುವ ಭಾರವೆಷ್ಟು. ಕೆಳಗಿನ ಪಟ್ಟಿಯ ಬಂದುಹೋಗುವ ಭಾರದ ಎದುರು ಚದರ ಅಡಿಗೆ 10 ಪೌಂಡು ಎಂದಿದ್ದು, ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು. ಆ ನಕ್ಷತ್ರಕ್ಕೆ ಹಾಳೆಯ ತಳದಲ್ಲಿ ಸೂಕ್ಷ್ಮ ಅಕ್ಷರದ ಷರಾ: ಈ ಭಾರ ಬೇರೆ ಯಾವ ಬಂದುಹೋಗುವ ಭಾರದ ಜೊತೆಗೂ ಏಕಕಾಲಕ್ಕೆ ಬೀಳುವುದಿಲ್ಲವೆಂದು ಭಾವಿಸಲಾಗಿದೆ. ಎಂದರೆ, ಮೇಲೆ ಹಿಮ ಕೂತಿರುವಾಗ ಕೆಳಗೆ ಹತ್ತು ಪೌಂಡು ಇಲ್ಲ.

ನನ್ನ ಎದೆ ಧಸಕ್ಕೆಂದಿತು. ಎಂಜಿನಿಯರ್ ಮಾತ್ರ ಇದನ್ನು ಓದಿ ಸಮಾಧಾನದಿಂದಲೇ ಕೇಳಿದರು: "ಟಾಪ್ ಯಾವ ತಿಂಗಳು ಚಾವಣಿಯಲ್ಲಿರುತ್ತದೆ?" ಮೇ ತಿಂಗಳಿಂದ ಅಕ್ಟೋಬರ್ ಎಂದೆ. ಛಾವಣಿಯ ಮೇಲೆ ಹಿಮವಿದ್ದಾಗ ಟಾಪ್ ಗಾಡಿಯ ಮೇಲಿರುತ್ತದೆ, ಹಿಮ ಕರಗಿದ ಮೇಲೆ ಟಾಪ್ ಏರುತ್ತದೆ. ಎರಡೂ ಎಂದೂ ಮುಖಾಮುಖಿಯಾಗುವುದಿಲ್ಲ. ಟಾಪ್ ಮತ್ತು ಸಲಕರಣೆ ಸೇರಿ 220 ಪೌಂಡು, ಅದು ಹರಡುವ ಜಾಗ ಸುಮಾರು 28 ಚದರ ಅಡಿ. ಚದರ ಅಡಿಗೆ ಎಂಟು ಪೌಂಡಿಗೂ ಸ್ವಲ್ಪ ಕಡಿಮೆ. ಆದರೆ ಈ ಲೆಕ್ಕ ನಿಲ್ಲುವುದು ಭಾರ ನಿಜವಾಗಿಯೂ ಹರಡಿದಾಗ ಮಾತ್ರ. ಒಂದೇ ಟ್ರಸ್‌ಗೆ ಒಂದೇ ಕೊಕ್ಕೆ ಹೊಡೆದು ತೂಗುಹಾಕಿದರೆ ಚದರ ಅಡಿಯ ಮಾತಿಗೆ ಅರ್ಥವೇ ಇಲ್ಲ. ಇದು ನನ್ನ ಟ್ರಸ್‌ಗಳ ಲೆಕ್ಕ. ನಿಮ್ಮ ಹಾಳೆಯಲ್ಲಿ ಆ ಜಾಗದಲ್ಲಿ ಸೊನ್ನೆಯೂ ಇರಬಹುದು.

ಅವರು ಬರೆದುಕೊಟ್ಟ ಪತ್ರ ಒಂದೂವರೆ ಪುಟದ್ದು, ಬೆಲೆ 400 ಡಾಲರ್. ದುಬಾರಿ ಎನ್ನಿಸಿತು. ಮನೆಯ ವಿಮೆಯ ಕಡತದಲ್ಲಿ ಈಗ ಅದರ ಒಂದು ಪ್ರತಿ ಇದೆ ಎಂಬುದನ್ನು ನೆನೆದಾಗ ಹಾಗೆನ್ನಿಸುವುದಿಲ್ಲ. ಪತ್ರದ ಸಾರ ಇಷ್ಟು. ನೇತಾಡುವ ಒಟ್ಟು ಭಾರ 250 ಪೌಂಡು ಮೀರಬಾರದು. ಹಿಮವಿಲ್ಲದ ತಿಂಗಳುಗಳಲ್ಲಿ ಮಾತ್ರ. ಟ್ರಸ್‌ನ ಮರಕ್ಕೆ ಒಂದು ತೂತೂ ಬೀಳಬಾರದು. ಅಟ್ಟದೊಳಗೆ ನಾಲ್ಕು ಟ್ರಸ್‌ಗಳ ಕೆಳಪಟ್ಟಿಗಳ ಮೇಲೆ ಅಡ್ಡಲಾಗಿ ಜೋಡಿ ತೊಲೆ ಮಲಗಿಸಬೇಕು. ಗ್ಯಾರೇಜಿನ ಕಡೆಯಿಂದ ಇನ್ನೊಂದು ತೊಲೆ. ಟ್ರಸ್‌ಗಳ ನಡುವಿನ ಖಾಲಿ ಜಾಗದಲ್ಲಿ ಉದ್ದ ಬೋಲ್ಟ್ ತೂರಿಸಿ ಮೇಲಿನ ತೊಲೆಗೂ ಕೆಳಗಿನ ತೊಲೆಗೂ ಬಿಗಿಯಬೇಕು. ಇಂಥ ಜೋಡಿ ಮುಂದೊಂದು, ಹಿಂದೊಂದು. ಭಾರವೆಲ್ಲ ಮೇಲಿನ ತೊಲೆಯ ಮೂಲಕ ನಾಲ್ಕು ಟ್ರಸ್‌ಗಳಿಗೆ ಹಂಚಿಹೋಗುತ್ತದೆ.

ಮರ ಕೊಳ್ಳುವಾಗ ನೆನಪಿಡಿ: ಇಲ್ಲಿ ಎರಡು ಬೈ ಆರು ಎಂದು ಮಾರುವ ತೊಲೆ ನಿಜದಲ್ಲಿ ಒಂದೂವರೆ ಬೈ ಐದೂವರೆ ಇಂಚು. ಬೋಲ್ಟಿನ ಉದ್ದವನ್ನು ಹೆಸರಿನ ಲೆಕ್ಕದಲ್ಲಿ ತಂದವರು ಮತ್ತೆ ಅಂಗಡಿಗೆ ಓಡುತ್ತಾರೆ.

ಕಾಗದ ಕೈಗೆ ಬಂದ ಮೇಲೆ ಅಳತೆಯ ಸರದಿ. ಇಲ್ಲಿ ನನಗೆ ಅನಿರೀಕ್ಷಿತವಾಗಿ ಎದುರಾದದ್ದು ಗ್ಯಾರೇಜಿನ ಬಾಗಿಲು. ಮೇಲಕ್ಕೆ ಸರಿದು ಚಾವಣಿಗೆ ಸಮಾನಾಂತರವಾಗಿ ಮಲಗುವ ಬಾಗಿಲು ಮುಂಭಾಗದ ಏಳೆಂಟು ಅಡಿಯನ್ನು ನುಂಗಿಬಿಡುತ್ತದೆ. ಅದರಾಚೆಗೆ ಬಾಗಿಲು ಎಳೆಯುವ ಮೋಟಾರು ನಟ್ಟನಡುವೆ ತೂಗುತ್ತಿರುತ್ತದೆ. ಎಲ್ಲರಂತೆ ಮೂತಿ ಒಳಗೆ ಮಾಡಿ ಗಾಡಿ ನಿಲ್ಲಿಸಿದರೆ ಹಾರ್ಡ್‌ಟಾಪ್ ಇರುವ ಹಿಂಭಾಗ ಸರಿಯಾಗಿ ಆ ಬಾಗಿಲಿನ ಅಡಿಯಲ್ಲೇ ಬರುತ್ತದೆ. ಬಾಗಿಲು ತೆರೆದಿರುವಾಗ ಎತ್ತುವಂತಿಲ್ಲ, ಎತ್ತಿದ ಮೇಲೆ ಬಾಗಿಲು ತೆರೆಯುವಂತಿಲ್ಲ. ಮೋಟಾರನ್ನು ಗೋಡೆಯ ಪಕ್ಕಕ್ಕೆ ಬದಲಾಯಿಸುವ ವ್ಯವಸ್ಥೆ ಇದೆ, ಆದರೆ ಬಾಗಿಲು ಮಲಗುವ ಜಾಗ ಅದರಿಂದ ಬದಲಾಗುವುದಿಲ್ಲ.

ಪರಿಹಾರ ಬಿಟ್ಟಿಯದು. ಗಾಡಿಯನ್ನು ಹಿಮ್ಮುಖವಾಗಿ ಒಳಗೆ ತರಬೇಕು. ಆಗ ಟಾಪ್ ಗ್ಯಾರೇಜಿನ ಒಳಗೋಡೆಯ ಕಡೆ ಬರುತ್ತದೆ, ತಲೆಯ ಮೇಲೆ ಬರಿಯ ಚಾವಣಿ. ಇನ್ನೊಂದು ಲಾಭವೂ ಇದೆ. ಮುಂದಿನ ಫಲಕಗಳನ್ನು ತೆಗೆದ ಮೇಲೆ ಟಾಪಿನ ಮುಂಬದಿ ಬಾಯಿ ತೆರೆದಿರುತ್ತದೆ. ಗಾಡಿ ಮುಂದಕ್ಕೆ ಹೊರಟಾಗ ಒಳಗಿನ ಉಕ್ಕಿನ ಕಮಾನುಗಳು ಆ ತೆರೆದ ಬಾಯಿಯಿಂದಲೇ ಆಚೆ ಸರಿಯುತ್ತವೆ. ಟಾಪಿನ ಪಕ್ಕದ ಗೋಡೆಗಳನ್ನು ಕಮಾನಿಗಿಂತ ಮೇಲಕ್ಕೆ ಎತ್ತುವ ಅಗತ್ಯವೇ ಇಲ್ಲ. ಚಾವಣಿ ಎಂಟೇ ಅಡಿ ಇರುವವರು ಇದನ್ನು ಎರಡು ಸಲ ಓದಿ. ಎತ್ತಬೇಕಾದ ಎತ್ತರವನ್ನು ನಿರ್ಧರಿಸುವುದು ಸ್ಟೆಪ್ನಿಯ ಮೇಲೆ ಕತ್ತು ಚಾಚಿ ನಿಂತಿರುವ ಮೂರನೆಯ ಬ್ರೇಕ್ ದೀಪ. ಅದು ಹಿಂಬದಿ ಗಾಜಿನ ಹೊರಗಿರುತ್ತದೆ. ಗಾಡಿ ಮುಂದೆ ಸರಿದರೆ ನೇರವಾಗಿ ಗಾಜಿಗೇ ಬಂದು ಗುದ್ದುತ್ತದೆ. ಟಾಪಿನ ಕೆಳ ಅಂಚು ಆ ದೀಪವನ್ನು ದಾಟಿ ಒಂದು ಗೇಣಾದರೂ ಮೇಲಿರಲಿ. ಗೋಡೆಯ ಕಡೆ ಹಿಂಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬಿಟ್ಟು ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿ. ಚಕ್ರ ಪ್ರತಿ ಸಲ ಅಲ್ಲೇ ನಿಲ್ಲಬೇಕು.

ಎತ್ತುವ ಸಾಧನದ ಬಗ್ಗೆ ಮನೆಯಲ್ಲಿ ಸಣ್ಣ ಯುದ್ಧವೇ ನಡೆಯಿತು. ನನಗೆ ಗುಂಡಿ ಒತ್ತಿದರೆ ಏರುವ ವಿದ್ಯುತ್ ಹಾಯಿಸ್ಟ್ ಬೇಕಿತ್ತು. ಅಪ್ಪನಿಗೆ ಕೈಯಲ್ಲಿ ಸರಪಳಿ ಎಳೆದು ಎತ್ತುವ ಚೈನ್ ಬ್ಲಾಕ್. ಹೆಂಡತಿಗೆ ಎರಡೂ ಬೇಡ, ಮಗಳು ಸೈಕಲ್ ತೆಗೆಯಲು ಅದೇ ದಾರಿಯಲ್ಲಿ ಓಡಾಡುತ್ತಾಳೆ ಎಂಬ ಚಿಂತೆ. ವಿದ್ಯುತ್ ಹಾಯಿಸ್ಟಿನ ಕೈಪಿಡಿಯಲ್ಲಿ, ಭಾರವನ್ನು ಹಾಗೇ ನೇತಾಡಲು ಬಿಡಬಾರದು ಎಂದು ಸ್ಪಷ್ಟವಾಗಿತ್ತು. ಹಿಡಿ ತಿರುಗಿಸಿ ತಂತಿ ಸುತ್ತಿಕೊಳ್ಳುವ, ದೋಣಿ ಎಳೆಯುವ ಸಾದಾ ವಿಂಚ್‌ಗಳ ಮೇಲೆ, ಭಾರ ಎತ್ತಲು ಬಳಸಬೇಡಿ ಎಂಬ ಚೀಟಿ. ಅವುಗಳ ಹಲ್ಲಿನ ಕೊಕ್ಕೆ ತಪ್ಪಿದರೆ ಹಿಡಿ ಗರಗರ ತಿರುಗಿ ಮಣಿಕಟ್ಟು ಮುರಿಯುತ್ತದೆ. ಕೊನೆಗೆ ಒಪ್ಪಂದವಾದದ್ದು ಗೋಡೆಗೆ ಕೂರಿಸುವ, ಎತ್ತುವುದಕ್ಕೆಂದೇ ಮಾಡಿದ, ಸ್ವಯಂ ಬ್ರೇಕ್ ಇರುವ ಕೈವಿಂಚ್‌ಗೆ. ಹಿಡಿ ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ, ಇಳಿಸಲೂ ತಿರುಗಿಸಲೇಬೇಕು. ಬೆಲೆ 130 ಡಾಲರ್. ಅದರ ಜೊತೆಗೆ ಹೆಂಡತಿಯ ಷರತ್ತು: ಟಾಪ್ ಏರಿದ ಮೇಲೆ ತಂತಿಯ ಮೇಲೆ ಭಾರವಿರಬಾರದು. ಹೀಗಾಗಿ ನಾಲ್ಕು ಮೂಲೆಗೆ ನಾಲ್ಕು ಸರಪಳಿ ಬಂದವು. ತಂತಿ ಎತ್ತುವುದಕ್ಕೆ, ಸರಪಳಿ ಹೊರುವುದಕ್ಕೆ. ಇಡೀ ಯೋಜನೆಯಲ್ಲಿ ಅತ್ಯುತ್ತಮ ಸಲಹೆ ಇದೇ.

ಏಪ್ರಿಲ್‌ನಲ್ಲಿ ಅಟ್ಟದ ಕೆಲಸ ಮುಗಿಸಿದೆವು. ಜೂನ್‌ವರೆಗೆ ತಳ್ಳಬೇಡಿ, ಅಟ್ಟ ಒಲೆಯಾಗುತ್ತದೆ. ಗಾಜುನಾರಿನ ಹತ್ತಿಯಿದ್ದರೆ ಉದ್ದತೋಳಿನ ಅಂಗಿ, ಮಾಸ್ಕ್, ಕನ್ನಡಕ ಬೇಕೇ ಬೇಕು. ಮನೆಗೆ ಅಂಟಿಕೊಂಡ ಗ್ಯಾರೇಜಾದರೆ ಜಿಪ್ಸಂ ಹಲಗೆ ಬೆಂಕಿ ಹರಡದಂತೆ ತಡೆಯುವ ಗೋಡೆಯೂ ಹೌದು. ಬೋಲ್ಟಿಗಾಗಿ ಕೊರೆದ ಪ್ರತಿ ತೂತಿನ ಸುತ್ತ ಬೆಂಕಿ ತಡೆಯುವ ಸೀಲಂಟ್ ತುಂಬಿ.

ರಾಟೆಗಳ ವಿಷಯದಲ್ಲಿ ಅಪ್ಪ ಹಟ ಹಿಡಿದರು. ಅಂಗಡಿಯ ಗೋಡೆಯಲ್ಲಿ ಹೊಳೆಯುತ್ತಿದ್ದ ಅಗ್ಗದ ರಾಟೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ವಾಪಸು ನೇತುಹಾಕಿದರು. ಎಷ್ಟು ಭಾರಕ್ಕೆ ಎಂದು ಬರೆದಿರದ ರಾಟೆ ಬಟ್ಟೆ ಒಣಹಾಕುವುದಕ್ಕೆ ಎಂಬುದು ಅವರ ವಾದ. ಲೆಕ್ಕವೂ ಅವರ ಕಡೆಗಿತ್ತು. ನೇರ ಕೆಳಗಿನಿಂದ ಬಂದ ತಂತಿ ರಾಟೆಯ ಮೇಲೆ ಹಾದು ಅಡ್ಡಕ್ಕೆ ತಿರುಗಿದಾಗ ರಾಟೆಯ ಮೇಲೆ ಬೀಳುವ ಒತ್ತಡ ಭಾರದ 1.4 ಪಟ್ಟು, ಅದೂ ಓರೆಯಾಗಿ. ತಲೆಯಲ್ಲಿ ಬಳೆಯಿರುವ ಕಣ್ಣುಬೋಲ್ಟುಗಳು ನೇರ ಎಳೆತಕ್ಕೆ ಮಾಡಿದವು. ಬಳೆಯ ಬುಡದಲ್ಲಿ ಅಗಲ ಭುಜವಿರುವ ಒಳ್ಳೆಯ ಬೋಲ್ಟೂ ನಲವತ್ತೈದು ಡಿಗ್ರಿ ಓರೆ ಎಳೆತಕ್ಕೆ ತನ್ನ ಸಾಮರ್ಥ್ಯದ ಶೇ 30ರಷ್ಟನ್ನೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ರಾಟೆಗಳನ್ನು ತೊಲೆಯ ಪಕ್ಕಕ್ಕೆ ಫಲಕವಿಟ್ಟು ಬಿಗಿದೆವು. ಕಣ್ಣುಬೋಲ್ಟುಗಳು ಸರಪಳಿಗೆ ಮಾತ್ರ, ಅಲ್ಲಿ ಎಳೆತ ನೇರ ಕೆಳಕ್ಕೆ.

ನಾಲ್ಕು ತಂತಿಗಳು ನಾಲ್ಕು ರಾಟೆಗಳಿಂದ ಹೊರಟು ಒಂದು ಉಕ್ಕಿನ ಬಳೆಗೆ ಸೇರುತ್ತವೆ, ಆ ಬಳೆಯನ್ನು ವಿಂಚ್ ಎಳೆಯುತ್ತದೆ. ತಂತಿಯ ತುದಿ ಮಡಚಿ ಕ್ಲಿಪ್ ಹಾಕುವ ಕೆಲಸವನ್ನು ಅಪ್ಪ ನನಗೆ ಬಿಡಲಿಲ್ಲ. ಕ್ಲಿಪ್ಪಿಗೆ ಎರಡು ಭಾಗ: ಗೀರುಗಳಿರುವ ದಪ್ಪ ತಳ, ಯು ಆಕಾರದ ಬೋಲ್ಟ್. ದಪ್ಪ ತಳ ಯಾವಾಗಲೂ ಭಾರ ಹೊರುವ ತಂತಿಯ ಕಡೆ, ಬೋಲ್ಟಿನ ಬಾಗಿದ ಭಾಗ ಮಡಚಿ ಬಂದ ತುಂಡು ತುದಿಯ ಕಡೆ. ತಿರುಗಾಮುರುಗಾ ಹಾಕಿದರೆ ಬೋಲ್ಟ್ ಭಾರ ಹೊರುವ ತಂತಿಯನ್ನೇ ಜಜ್ಜುತ್ತದೆ. "ದುಡಿಯುವವನ ಬೆನ್ನಿಗೆ ದಿಂಬು, ಕೂತಿರುವವನ ಕತ್ತಿಗೆ ಹಗ್ಗ, ಇಷ್ಟೇ" ಎಂದು ಅವರು ಒಂದು ಸಲ ಹೇಳಿದ್ದು ನನಗೆ ಇನ್ನು ಮರೆಯುವುದಿಲ್ಲ. ಎರಡು ಕ್ಲಿಪ್ ಸಾಕಾಗುವ ಕಡೆ ಮೂರು ಹಾಕಿದರು. ಮೊದಲ ಸಲ ಭಾರ ಬಿದ್ದ ಮೇಲೆ ತಂತಿ ಸ್ವಲ್ಪ ತೆಳುವಾಗುತ್ತದೆ, ನಟ್ಟುಗಳನ್ನು ಮತ್ತೆ ಬಿಗಿಯಲೇಬೇಕು.

ಮೇ ತಿಂಗಳ ಎರಡನೆಯ ಶನಿವಾರ ಎತ್ತಿದೆವು. ಮೊದಲು ಮುಂದಿನ ಫಲಕಗಳು. ಆಮೇಲೆ ಒಳಗಿನ ಅಂಚಿನುದ್ದಕ್ಕೂ ಇರುವ ನಕ್ಷತ್ರ ತಲೆಯ ಬೋಲ್ಟುಗಳು. ಗಾಡಿಯ ಜೊತೆಗೆ ಬರುವ ಸಲಕರಣೆಯ ಚೀಲದಲ್ಲೇ ಸರಿಯಾದ ಬಿಟ್ ಇರುತ್ತದೆ, ಸುಮಾರಾಗಿ ಹೊಂದುವ ಬೇರೆ ಬಿಟ್ ಹಾಕಿ ತಲೆ ಕೆಡಿಸಬೇಡಿ. ಹಿಂಭಾಗದ ಎಡಮೂಲೆಯಲ್ಲಿ ವೈರಿನ ಪ್ಲಗ್ ಮತ್ತು ಗಾಜು ತೊಳೆಯುವ ನೀರಿನ ಕೊಳವೆ ಇವೆ. ಬೋಲ್ಟ್ ಬಿಚ್ಚಿದ ಸಂಭ್ರಮದಲ್ಲಿ ಮರೆತುಹೋಗುವಂಥವು ಇವೇ. ಕೊಳವೆ ಕಳಚಿದಾಗ ನೀಲಿ ನೀರು ಚಿಮ್ಮುತ್ತದೆ, ಕೆಳಗೊಂದು ಬಟ್ಟೆ ಇಡಿ.

ಮುಂಬದಿಯ ಅಂಚಿನಡಿಗೆ ಸ್ಪಂಜು ಸುತ್ತಿದ ಉಕ್ಕಿನ ಅಡ್ಡಪಟ್ಟಿ ತೂರಿಸಿದೆವು. ಹಿಂಬದಿಯನ್ನು ಇಬ್ಬರು ಬೆರಳಷ್ಟು ಎತ್ತಿ ಮರದ ಬೆಣೆ ಇಟ್ಟು, ಎರಡು ಮೂಲೆಗಳಡಿಗೆ ಅಗಲ ಪಟ್ಟಿಗಳನ್ನು ಎಳೆದುಕೊಂಡೆವು. ವಿಂಚ್ ತಿರುಗಿಸಿದೆ. ತಂತಿಗಳು ಬಿಗಿಯಾದವು, ಮೇಲೆ ತೊಲೆ ಕಟಕ್ಕೆಂದಿತು. ನನ್ನ ಕೈ ತಾನಾಗಿ ನಿಂತಿತು. ಅಪ್ಪ ಅಟ್ಟ ಹತ್ತಿ ನೋಡಿ, ವಾಷರುಗಳು ಮರದಲ್ಲಿ ಕೂರುತ್ತಿವೆ, ಅಷ್ಟೇ ಎಂದರು. ಇನ್ನೆರಡು ಸುತ್ತು ತಿರುಗಿಸಿದಾಗ ಟಾಪ್ ಬಿಟ್ಟುಕೊಂಡಿತು, ಗಾಜಿನ ಭಾರಕ್ಕೆ ಹಿಂಬದಿ ಕೆಳಗೆ ಬಾಗಿತು. ಅದಕ್ಕೆಂದೇ ಪ್ರತಿ ತಂತಿಗೂ ಟರ್ನ್‌ಬಕಲ್, ಎಂದರೆ ತಿರುಗಿಸಿ ತಂತಿಯ ಉದ್ದ ಹೊಂದಿಸುವ ತಿರುಪು, ಇಟ್ಟಿದ್ದೆವು. ಹಿಂದಿನ ಎರಡನ್ನು ಬಿಗಿದು, ಮುಂದಿನವನ್ನು ಸಡಿಲಿಸಿ ಸಮ ಮಾಡಿದೆವು. ಒಮ್ಮೆ ಹೊಂದಿಸಿದರೆ ಮುಂದಿನ ವರ್ಷಕ್ಕೂ ಅದೇ.

ಆಮೇಲಿನದು ಐದು ನಿಮಿಷ. ಬ್ರೇಕ್ ದೀಪ ದಾಟಿತು, ಸರಪಳಿಗಳು ಕೊಕ್ಕೆಗೆ ಬಿದ್ದವು, ತಂತಿ ಸಡಿಲವಾಯಿತು. ಗಾಡಿ ಹೊರಗೆ ಬಂತು. ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಈ ಗಾಡಿ ತಯಾರಾಗುವ ಟೊಲಿಡೊದ ಕಡೆಗೆ ಒಂದು ಗಂಟೆ ಓಡಿಸಿದೆ. ಟೋಪಿ ಹಾರಿಹೋಗದಂತೆ ದಾರಿಯುದ್ದಕ್ಕೂ ಹಿಡಿದುಕೊಂಡು, "ಇಷ್ಟಕ್ಕಾ ಇಷ್ಟೆಲ್ಲ?" ಎಂದು ಕೇಳಿದರು. ಮುಖದಲ್ಲಿ ನಗುವಿತ್ತು.

ಖರ್ಚು ಹೀಗಿದೆ: ಎಂಜಿನಿಯರ್ 400, ವಿಂಚ್ 130, ಮರ ಮತ್ತು ಬೋಲ್ಟ್ 120, ರಾಟೆ, ತಂತಿ, ಕ್ಲಿಪ್, ಸರಪಳಿ 180, ಉಳಿದ ಸಣ್ಣಪುಟ್ಟದ್ದು 50. ಒಟ್ಟು 880 ಡಾಲರ್. ಸಿದ್ಧ ಹಾಯಿಸ್ಟ್ ಕೊಂಡಿದ್ದರೂ ಮೊದಲ ಬಾಬತ್ತು ತಪ್ಪುತ್ತಿರಲಿಲ್ಲ, ಅದನ್ನೂ ನೇತುಹಾಕುವುದು ಇದೇ ಟ್ರಸ್‌ಗಳಿಗೆ. ತಿಂಗಳಿಗೊಮ್ಮೆ ಬೋಲ್ಟು, ಕ್ಲಿಪ್ಪುಗಳನ್ನು ಮುಟ್ಟಿ ನೋಡುತ್ತೇನೆ. ಏರಿಸುವಾಗ ಇಳಿಸುವಾಗ ಟಾಪಿನಡಿ ಯಾರೂ ನಿಲ್ಲುವಂತಿಲ್ಲ, ಬೆಕ್ಕೂ ಇಲ್ಲ.

ಪಕ್ಕದ ಮನೆಯವರು ಬಂದು ನೋಡಿ ಬಹಳ ಮೆಚ್ಚಿದರು. ಚಳಿಗಾಲದಲ್ಲಿ ಹಾಯಿಸ್ಟ್ ಹೇಗೂ ಖಾಲಿಯಲ್ಲವೇ, ತಮ್ಮ 70 ಪೌಂಡಿನ ದೋಣಿಯನ್ನು ಅದಕ್ಕೆ ಏರಿಸಬಹುದೇ ಎಂದು ಕೇಳಿದರು. ಎಂಜಿನಿಯರಿಗೆ ಬರೆದೆ. ಹಿಮದ ಜೊತೆ ಮತ್ತೊಮ್ಮೆ ಲೆಕ್ಕ ಹಾಕಬೇಕು, 150 ಡಾಲರ್ ಆಗುತ್ತದೆ ಎಂದರು. ದೋಣಿ ಅವರ ಹಿತ್ತಿಲಲ್ಲೇ ಇರಲಿ ಎಂದು ತೀರ್ಮಾನವಾಯಿತು.